ಲಾಡ್ಜ್ ರೂಮಿಗೆ ಪೊಲೀಸರು ಬಂದು ‘ಖಾಲಿ ಮಾಡಿ’ ಅಂದಾಗ: ನನ್ನ ಅನುಭವ

ಬಾಗಿಲಿಗೆ ಲಾಠಿಯಲ್ಲಿ ಬಡಿದರೆ ಬರುವ ಸದ್ದೇ ಬೇರೆ. ರೂಮ್ ಬಾಯ್ ಆದರೆ ಬೆರಳಲ್ಲಿ ತಟ್ಟಿ ‘ಸಾರ್’ ಅಂತಾನೆ. ಇದು ಹಾಗಲ್ಲ. ಮೂರು ಏಟು, ಆಮೇಲೆ ಸುಮ್ನೆ, ಮತ್ತೆ ಮೂರು ಏಟು.

ನಾನು ಎಕ್ಸ್-ರೇ ಮೆಷಿನ್ ರಿಪೇರಿ ಮಾಡುವ ಸರ್ವೀಸ್ ಎಂಜಿನಿಯರ್. ತಿಂಗಳಿಗೆ ಹತ್ತು ಹನ್ನೆರಡು ರಾತ್ರಿ ಲಾಡ್ಜಿನಲ್ಲೇ ಮಲಗುವವನು. ಇಷ್ಟು ವರ್ಷದಲ್ಲಿ ಮೂರು ಸಲ ಪೊಲೀಸರು ಬಂದು ರೂಮ್ ಬಿಡಿ ಅಂದಿದ್ದಾರೆ. ಒಂದು ಸಲ ಉಳಿದುಕೊಂಡೆ, ಒಂದು ಸಲ ಅರ್ಧ ಗೆದ್ದೆ, ಒಂದು ಸಲ ಮರುಮಾತಿಲ್ಲದೆ ಹೊರಟೆ. ಊರು, ಠಾಣೆ, ಲಾಡ್ಜಿನ ಹೆಸರು ಬರೆಯುವುದಿಲ್ಲ.

ಮೊದಲನೆಯದು 2024ರ ಮೇ 5, ಭಾನುವಾರ ರಾತ್ರಿ. ರಾಜ್ಯದಲ್ಲಿ ಲೋಕಸಭೆ ಚುನಾವಣೆಯ ಎರಡನೇ ಸುತ್ತು, ಮೇ 7ಕ್ಕೆ ಮತದಾನ. ಸೋಮವಾರ ಬೆಳಗ್ಗೆ ಆಸ್ಪತ್ರೆಯಲ್ಲಿ ಕೆಲಸ ಇತ್ತು ಅಂತ ಹಿಂದಿನ ದಿನವೇ ಬಂದು ಉಳಿದಿದ್ದೆ. ಬಾಗಿಲು ತೆಗೆದರೆ ಒಬ್ಬ ಎಸ್‌ಐ, ಇಬ್ಬರು ಕಾನ್‌ಸ್ಟೇಬಲ್, ಹಿಂದೆ ಮುಖ ಸಣ್ಣ ಮಾಡಿಕೊಂಡು ನಿಂತ ಮ್ಯಾನೇಜರ್.

‘ಈ ಕ್ಷೇತ್ರದ ವೋಟರ್ರಾ?’

‘ಅಲ್ಲ ಸಾರ್.’

‘ಹಾಗಾದ್ರೆ ಈಗಲೇ ರೂಮ್ ಖಾಲಿ ಮಾಡಿ. ಎಲೆಕ್ಷನ್ ರೂಲ್ಸು.’

ನಿಜ ಹೇಳಬೇಕು ಅಂದ್ರೆ ನನ್ನ ಕೈ ಮೊದಲು ಹೋಗಿದ್ದು ಬ್ಯಾಗಿನ ಕಡೆಗೇ. ಖಾಕಿ ಕಂಡ ಕೂಡಲೇ ಹೊರಡೋಣ ಅನ್ನಿಸುತ್ತೆ, ಅಲ್ವಾ? ಆದರೆ ಗಂಟೆ ಹನ್ನೊಂದೂವರೆ, ಬಸ್ಸಿಲ್ಲ, ಜೊತೆಗೆ ಹದಿನೆಂಟು ಕೆಜಿ ಟೂಲ್ ಬಾಕ್ಸ್. ಎರಡು ನಿಮಿಷ ಕೊಡಿ ಸಾರ್ ಅಂತ ಹೇಳಿ ಭಾವನಿಗೆ ಫೋನ್ ಮಾಡಿದೆ. ಅಕ್ಕನ ಗಂಡ, ವಕೀಲರು. ನಿದ್ದೆಗಣ್ಣಲ್ಲೇ ಅವರು ಹೇಳಿದ್ದು ಇಷ್ಟು: ‘ಜಗಳ ಆಡಬೇಡ. ಆರ್ಡರ್ ಯಾರದ್ದು, ಬರವಣಿಗೆಯಲ್ಲಿ ಇದೆಯಾ, ಅದು ಯಾರಿಗೆ ಅನ್ವಯ ಆಗುತ್ತೆ ಅಂತ ಮೂರೇ ಮಾತು ಕೇಳು.’

ಆಮೇಲೆ ಓದಿ ತಿಳಿದುಕೊಂಡೆ, ಎಸ್‌ಐ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಬಹಿರಂಗ ಪ್ರಚಾರ ಇಲ್ಲ, ಅದು 1951ರ ಜನಪ್ರತಿನಿಧಿ ಕಾಯ್ದೆಯ 126ನೇ ಸೆಕ್ಷನ್. ಆ ಅವಧಿ ಶುರುವಾದ ಮೇಲೆ, ಹೊರಗಿನಿಂದ ಬಂದ, ಅಲ್ಲಿ ವೋಟಿಲ್ಲದ ಪಕ್ಷದ ಕಾರ್ಯಕರ್ತರು ಮತ್ತು ಪ್ರಚಾರಕರು ಕ್ಷೇತ್ರ ಬಿಡಬೇಕು ಅಂತ ಚುನಾವಣಾ ಆಯೋಗದ ಸೂಚನೆ ಇದೆ. ಅದಕ್ಕೇ ಕಲ್ಯಾಣ ಮಂಟಪ, ಲಾಡ್ಜು, ಗೆಸ್ಟ್ ಹೌಸುಗಳಲ್ಲಿ ಯಾರಿದ್ದಾರೆ ಅಂತ ಚೆಕ್ ಮಾಡುತ್ತಾರೆ. ಆದರೆ ಸೂಚನೆ ಇರುವುದು ಪ್ರಚಾರಕ್ಕೆ ಬಂದವರಿಗೆ. ಎಕ್ಸ್-ರೇ ಮೆಷಿನ್ ರಿಪೇರಿಗೆ ಬಂದವನಿಗಲ್ಲ. ರಾತ್ರಿ ಇಪ್ಪತ್ತು ಲಾಡ್ಜು ಸುತ್ತಬೇಕಾದ ಎಸ್‌ಐಗೆ ಈ ವ್ಯತ್ಯಾಸ ನೋಡುತ್ತಾ ಕೂರಲು ಪುರಸೊತ್ತಿರುವುದಿಲ್ಲ. ‘ವೋಟರ್ ಅಲ್ಲ ತಾನೇ, ಹೊರಡಿ’ ಅಂದರೆ ಅವರ ಕೆಲಸ ಸಲೀಸು.

ನಾನು ಐಡಿ ಕಾರ್ಡ್ ಕೊಟ್ಟೆ, ರಿಪೇರಿಗೆ ಕರೆದ ಆಸ್ಪತ್ರೆಯವರ ಚೀಟಿ, ಅಂದರೆ ಸರ್ವೀಸ್ ಕಾಲ್ ಶೀಟ್ ಕೊಟ್ಟೆ, ಟೂಲ್ ಬಾಕ್ಸ್ ನಾನೇ ತೆರೆದು ತೋರಿಸಿದೆ. ಆಮೇಲೆ ಆದಷ್ಟು ಮೆತ್ತಗೆ ಕೇಳಿದೆ: ‘ಸಾರ್, ನಾನು ಯಾವ ಪಕ್ಷದವನೂ ಅಲ್ಲ. ಹೊರಗಿನ ಎಲ್ಲರೂ ಹೋಗಬೇಕು ಅಂತ ಡಿಸಿಯವರ ಲಿಖಿತ ಆದೇಶ ಇದ್ದರೆ ತೋರಿಸಿ, ಈಗಲೇ ಹೊರಡ್ತೀನಿ.’ ಎಸ್‌ಐ ಕಾಲ್ ಶೀಟನ್ನು ಎರಡು ಸಲ ತಿರುಗಿಸಿ ನೋಡಿದರು. ಅದರ ಮೇಲಿನ ಆಸ್ಪತ್ರೆಯ ಸೀಲಿನ ಮೇಲೆ ಹೆಬ್ಬೆರಳು ಉಜ್ಜಿದರು, ಇಂಕು ಹೊಸದೋ ಹಳೆಯದೋ ಅಂತ ನೋಡುವ ಹಾಗೆ. ‘ಕೆಲಸ ಮುಗಿದ ಕೂಡಲೇ ಹೊರಟುಬಿಡಿ’ ಅಂದು ಪಕ್ಕದ ರೂಮಿಗೆ ಹೋದರು. ಅಲ್ಲಿದ್ದವರು ಪ್ರಚಾರಕ್ಕೆ ಬಂದ ನಾಲ್ಕು ಹುಡುಗರು. ಅವರು ಹೋಗಲೇಬೇಕಿತ್ತು, ಹೋದರು.

ಆವತ್ತು ಕಲಿತದ್ದು, ಪೊಲೀಸರ ಬಾಯಿಮಾತು ಬೇರೆ, ಆದೇಶ ಬೇರೆ. ಪೊಲೀಸರು, ಮ್ಯಾಜಿಸ್ಟ್ರೇಟರು ಹೇಗೆ ನಡೆದುಕೊಳ್ಳಬೇಕು ಅಂತ ಹೇಳುವ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಹಳೇ ಸಿಆರ್‌ಪಿಸಿ ಆಗ ಇತ್ತು. 2024ರ ಜುಲೈ 1ರಿಂದ ಆ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂದಿದೆ. ನಿಷೇಧಾಜ್ಞೆ ಹಾಕುವ, ಎಲ್ಲರ ಬಾಯಲ್ಲೂ ಇರುವ 144 ಈಗ 163ನೇ ಸೆಕ್ಷನ್. ಅದರ ಆದೇಶ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರದ್ದು, ಅಂದರೆ ಜಿಲ್ಲಾಧಿಕಾರಿ (ಡಿಸಿ), ಉಪವಿಭಾಗಾಧಿಕಾರಿ (ಎಸಿ) ಥರದವರದ್ದು. ಕಮಿಷನರೇಟ್ ಇರುವ ನಗರದಲ್ಲಿ ಪೊಲೀಸ್ ಕಮಿಷನರದ್ದು. ಆದೇಶ ಬರವಣಿಗೆಯಲ್ಲಿ ಇರಬೇಕು, ಕಾರಣ ಹೇಳಬೇಕು. ಠಾಣೆಯ ಎಸ್‌ಐ ತಾನೇ ನಿಂತ ಜಾಗದಲ್ಲಿ ಅದನ್ನು ಹುಟ್ಟಿಸುವ ಹಾಗಿಲ್ಲ. ಲಿಖಿತ ಆದೇಶ ನಿಜಕ್ಕೂ ಇದ್ದರೆ ಮಾತ್ರ ವಾದ ಮಾಡಬೇಡಿ, ಮೀರಿದರೆ ಕೇಸು ಬೀಳುತ್ತೆ.

ಇನ್ನೊಂದು ಕಡೆಯನ್ನೂ ಹೇಳಬೇಕು, ಇಲ್ಲದಿದ್ದರೆ ನನ್ನ ಮಾತು ಓದಿ ಯಾರಾದರೂ ಬಾಗಿಲಲ್ಲಿ ಅಡ್ಡ ನಿಂತು ಒದೆ ತಿಂದಾರು. ಐಡಿ ಕೇಳುವುದು, ರಿಜಿಸ್ಟರ್ ನೋಡುವುದು ಅವರ ಕೆಲಸ, ಅದಕ್ಕೆ ಅಡ್ಡಿ ಮಾಡಬೇಡಿ. ಬಿಎನ್‌ಎಸ್‌ಎಸ್ 172ರ ಪ್ರಕಾರ, ಅಪರಾಧ ತಡೆಯುವ ಕೆಲಸದಲ್ಲಿ ಪೊಲೀಸರು ಕಾನೂನಿನ ಮಿತಿಯಲ್ಲಿ ಕೊಡುವ ಸೂಚನೆಯನ್ನು ಪಾಲಿಸಲೇಬೇಕು, ಪಾಲಿಸದವರನ್ನು ಅಲ್ಲಿಂದ ಕರೆದೊಯ್ಯಬಹುದು. ‘ಕಾನೂನಿನ ಮಿತಿಯಲ್ಲಿ’ ಅನ್ನುವ ಮಾತು ಅಲ್ಲಿದೆ, ಸರಿ, ಆದರೆ ಅದು ಮಿತಿಯೊಳಗೆ ಇತ್ತೋ ಇಲ್ಲವೋ ಅಂತ ತೀರ್ಮಾನ ಆಗುವುದು ಕೋರ್ಟಿನಲ್ಲಿ, ಲಾಡ್ಜಿನ ಕಾರಿಡಾರಿನಲ್ಲಲ್ಲ. ಅದಕ್ಕೇ ನಾನು ಕೈ ಅಡ್ಡ ಹಿಡಿಯುವುದಿಲ್ಲ, ದನಿ ಏರಿಸುವುದಿಲ್ಲ, ಮೊಬೈಲ್ ಅವರ ಮುಖಕ್ಕೆ ಹಿಡಿಯುವುದೂ ಇಲ್ಲ. ಕಾರಿಡಾರಿನಲ್ಲಿ, ಕೌಂಟರ್‌ನಲ್ಲಿ ಹೇಗೂ ಸಿಸಿಟಿವಿ ಇರುತ್ತೆ. ಟೈಮ್ ಬರೆದಿಟ್ಟುಕೊಂಡು, ಮಾರನೇ ದಿನವೇ ‘ಈ ಹೊತ್ತಿನ ರೆಕಾರ್ಡಿಂಗ್ ಅಳಿಸಬೇಡಿ’ ಅಂತ ಲಾಡ್ಜಿಗೆ ಒಂದು ಮೆಸೇಜ್ ಹಾಕಿಬಿಡುತ್ತೇನೆ. ಹಳೇ ರೆಕಾರ್ಡಿಂಗ್ ಮೇಲೆ ಹೊಸದು ಕೂರುವ ಮೊದಲು ಹಾಕಬೇಕು ಅಷ್ಟೆ.

ಎರಡನೆಯದು ಸ್ವಲ್ಪ ಕಹಿ. ನಮ್ಮ ಕಂಪನಿಯ ಒಬ್ಬ ಹುಡುಗ, ಅವನು ಮದುವೆಯಾಗಲಿದ್ದ ಹುಡುಗಿ, ಒಂದೇ ರೂಮಿನಲ್ಲಿದ್ದರು. ನಾನು ಎದುರಿನ ರೂಮು. ಇಬ್ಬರ ಹೆಸರೂ ರಿಜಿಸ್ಟರಿನಲ್ಲಿತ್ತು, ಇಬ್ಬರ ಐಡಿ ಜೆರಾಕ್ಸೂ ಕೌಂಟರ್‌ನಲ್ಲಿತ್ತು, ಇಬ್ಬರಿಗೂ ಇಪ್ಪತ್ತೈದು ದಾಟಿತ್ತು. ರಾತ್ರಿ ಇಬ್ಬರು ಕಾನ್‌ಸ್ಟೇಬಲ್‌ಗಳು ಬಂದು ‘ಮ್ಯಾರೇಜ್ ಸರ್ಟಿಫಿಕೇಟ್ ತೋರಿಸಿ, ಇಲ್ಲಾಂದ್ರೆ ಸ್ಟೇಷನ್‌ಗೆ ನಡೀರಿ’ ಅಂದರು. ಹುಡುಗಿ ಚಪ್ಪಲಿಯನ್ನೂ ಹಾಕದೆ ಬಾಗಿಲ ಹತ್ತಿರ ನಿಂತಿದ್ದಳು, ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ.

ಮದುವೆಯಾಗದ ಇಬ್ಬರು ವಯಸ್ಕರು ಒಂದೇ ರೂಮಿನಲ್ಲಿ ಇರಬಾರದು ಅನ್ನುವ ಕಾನೂನೇ ನಮ್ಮ ದೇಶದಲ್ಲಿ ಇಲ್ಲ. 2019ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಕೊಯಮತ್ತೂರಿನಲ್ಲಿ ಬಾಡಿಗೆ ರೂಮುಗಳ ಒಂದು ಕಟ್ಟಡಕ್ಕೆ ಬೀಗ ಜಡಿದಿದ್ದ ಕೇಸಿನಲ್ಲಿ. ನಾನು ಕಾನ್‌ಸ್ಟೇಬಲ್‌ಗೆ ತೀರ್ಪಿನ ಪಾಠ ಹೇಳಲಿಲ್ಲ, ಹೇಳಿದ್ದರೆ ರೇಗುತ್ತಿದ್ದರು. ಕೇಳಿದ್ದು ಎರಡೇ ಪ್ರಶ್ನೆ. ‘ಇವರ ಮೇಲೆ ಯಾವ ಸೆಕ್ಷನ್ ಸಾರ್?’ ಉತ್ತರ ಬರಲಿಲ್ಲ. ‘ಅರೆಸ್ಟ್ ಮಾಡ್ತಿದ್ದೀರಾ?’ ಅದಕ್ಕೆ ‘ವಿಚಾರಣೆ ಅಷ್ಟೇರೀ’ ಅಂದರು. ‘ವಿಚಾರಣೆ ಆದರೆ ನೋಟಿಸ್ ಕೊಡಿ, ಅವರ ಮನೆ ವಿಳಾಸ ಐಡಿಯಲ್ಲೇ ಇದೆ’ ಅಂದೆ. ಸಾಕ್ಷಿ ಅಂತ ಕರೆಯಬೇಕಾದರೂ ಹೆಂಗಸರನ್ನು ಅವರು ಇರುವ ಮನೆ ಬಿಟ್ಟು ಬೇರೆಲ್ಲಿಗೂ ಬರಹೇಳುವಂತಿಲ್ಲ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಅರೆಸ್ಟ್ ಮಾಡಬೇಕಾದರೆ ವಿಶೇಷ ಕಾರಣ ಇರಬೇಕು, ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಹಿಳಾ ಅಧಿಕಾರಿಯೇ ಮಾಡಬೇಕು. ಅಲ್ಲಿ ಒಬ್ಬ ಮಹಿಳಾ ಪೊಲೀಸೂ ಇರಲಿಲ್ಲ. ಅದನ್ನಷ್ಟೇ ಹೇಳಿದೆ. ಅವರು ಸ್ಟೇಷನ್ ಮಾತು ಬಿಟ್ಟರು. ಬ್ಯಾಗ್ ಚೆಕ್ ಮಾಡ್ತೀವಿ ಅಂತ ಶುರು ಮಾಡಿದರು. ಶೋಧಕ್ಕೆ ಈಗ ವಿಡಿಯೋ ರೆಕಾರ್ಡಿಂಗ್ ಕಡ್ಡಾಯ, ಸಾಕ್ಷಿಗಳೂ ಬೇಕು, ಹಾಗೆ ಮಾಡುವುದಾದರೆ ಮಾಡಿ ಅಂದ ಮೇಲೆ ಅದನ್ನೂ ಬಿಟ್ಟರು.

ಆದರೆ ಹೋಗುವಾಗ ಮ್ಯಾನೇಜರ್ ಕಡೆ ತಿರುಗಿ ‘ಇವರನ್ನ ಖಾಲಿ ಮಾಡ್ಸು, ಇಲ್ಲಾಂದ್ರೆ ನಿನ್ನ ಲೈಸೆನ್ಸ್ ನೋಡ್ಕೋತೀವಿ’ ಅಂದರು. ಇಲ್ಲೇ ಆಟ ತಿರುಗುವುದು. ಅತಿಥಿಯನ್ನು ಪೊಲೀಸರು ನೇರವಾಗಿ ಹೊರಗೆ ಹಾಕುವುದು ಕಡಿಮೆ, ಮ್ಯಾನೇಜರ್ ಕೈಯಲ್ಲಿ ಹಾಕಿಸುವುದೇ ಜಾಸ್ತಿ. ನೀವು ನಾಳೆ ಹೋಗುತ್ತೀರಿ, ಅವನು ಅದೇ ಠಾಣೆಯ ಕೆಳಗೆ ವರ್ಷಗಟ್ಟಲೆ ಲಾಡ್ಜ್ ನಡೆಸಬೇಕು. ಅವನ ಮೇಲೆ ಕೂಗಾಡಿದರೆ ಪ್ರಯೋಜನ ಇಲ್ಲ.

ಲಾಡ್ಜಿನಲ್ಲಿ ಉಳಿದವನು ಬಾಡಿಗೆದಾರ ಅಲ್ಲ, ಬಾಡಿಗೆ ಕಾಯ್ದೆಯ ರಕ್ಷಣೆ ಅವನಿಗಿಲ್ಲ. ದುಡ್ಡು ಕೊಟ್ಟು ಇರಲು ಅನುಮತಿ ಪಡೆದವನು ಅಷ್ಟೆ. ಅಂಥ ಅನುಮತಿ ವಾಪಸ್ ಪಡೆದರೂ ಹೊರಡುವುದಕ್ಕೆ, ಸಾಮಾನು ತೆಗೆಯುವುದಕ್ಕೆ ಸಾಕಷ್ಟು ಸಮಯ ಕೊಡಬೇಕು, ತಪ್ಪಿಲ್ಲದೆ ಮಧ್ಯದಲ್ಲೇ ಎಬ್ಬಿಸಿದರೆ ಪರಿಹಾರ ಕೇಳಬಹುದು. ಇದು ಇರುವುದು 1882ರ ಈಸ್‌ಮೆಂಟ್ಸ್ ಕಾಯ್ದೆಯ 63, 64ನೇ ಸೆಕ್ಷನ್‌ನಲ್ಲಿ. ಭಾವ ಹೇಳುವವರೆಗೂ ದಾರಿ, ಕಿಟಕಿ, ಬೆಳಕಿನ ಜಗಳಕ್ಕೆ ಮಾತ್ರ ಆ ಕಾಯ್ದೆ ಅಂದುಕೊಂಡಿದ್ದೆ.

ಮ್ಯಾನೇಜರನ್ನು ಕೂರಿಸಿ ಕೇಳಿದೆ: ‘ಅಣ್ಣಾ, ನಿಮ್ಮ ಕಷ್ಟ ಗೊತ್ತು. ಹುಡುಗಿಯನ್ನು ಈ ರಾತ್ರಿ ಎಲ್ಲಿಗೆ ಕಳಿಸ್ತೀರಿ? ಬೆಳಗ್ಗೆ ಆರಕ್ಕೆ ಹೊರಡ್ತಾರೆ. ಉಳಿದ ಒಂದು ದಿನದ ದುಡ್ಡು ವಾಪಸ್ ಕೊಡಿ. ರಿಜಿಸ್ಟರಿನಲ್ಲಿ ಒಂದು ಸಾಲು ಬರೀತೀನಿ.’ ಆರು ಗಂಟೆಗೆ ಒಪ್ಪಿದ. ದುಡ್ಡು ಓನರ್ ಕೇಳಬೇಕು ಅಂದ. ರಿಜಿಸ್ಟರ್ ಅಂದ ಕೂಡಲೇ ಅದನ್ನು ಎದೆಗೆ ಅವಚಿಕೊಂಡ! ಹತ್ತು ನಿಮಿಷ ಬೇಡಿಕೊಂಡ ಮೇಲೆ ಕೊಟ್ಟ. ಚೆಕ್-ಔಟ್ ಕಾಲಮ್ಮಿನಲ್ಲಿ ಹುಡುಗನ ಕೈಯಲ್ಲೇ ಬರೆಸಿದೆ: ‘ಪೊಲೀಸರ ಬಾಯಿಮಾತಿನ ಸೂಚನೆ ಮೇರೆಗೆ, ಮ್ಯಾನೇಜರ್ ಕೇಳಿದ್ದರಿಂದ ಬೆಳಗ್ಗೆ ಆರಕ್ಕೆ ರೂಮ್ ಬಿಡುತ್ತೇವೆ. ರಾತ್ರಿ 11.50. ಲಿಖಿತ ಆದೇಶ ತೋರಿಸಿಲ್ಲ.’ ಕೆಳಗೆ ಸಹಿ. ಪುಟದ ಫೋಟೋ ತೆಗೆದುಕೊಂಡೆ, ಬೇರೆಯವರ ಹೆಸರಿನ ಸಾಲುಗಳ ಮೇಲೆ ಹಾಳೆ ಮುಚ್ಚಿ.

ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಆಯುಧ ಇಲ್ಲ. ಅದು ಅವರದೇ ಪುಸ್ತಕ, ಪೊಲೀಸರು ನೋಡುವ ಪುಸ್ತಕ, ಆಮೇಲೆ ‘ಅವರೇ ಖುಷಿಯಿಂದ ಹೋದರು’ ಅಂತ ಯಾರೂ ಹೇಳುವ ಹಾಗಿಲ್ಲ. ಓನರ್ ದುಡ್ಡು ಕೊಡಲ್ಲ ಅಂದ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟು ಫೋಟೋ ಹಾಕಿದೆವು, ಎರಡು ವಾರದಲ್ಲಿ ದುಡ್ಡು ಬಂತು. ಪೊಲೀಸರ ಮೇಲೆ ದೂರು ಕೊಡೋಣ, ಎಸ್‌ಪಿಗೆ ಬರೆಯಬಹುದು, ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಇದೆ, ಮಾನವ ಹಕ್ಕು ಆಯೋಗ ಇದೆ ಅಂದೆ. ಹುಡುಗಿ ಬೇಡ ಅಂದಳು. ಮನೆಯಲ್ಲಿ ಗೊತ್ತಾಗುತ್ತೆ ಅನ್ನುವ ಭಯ. ನಾನು ಒತ್ತಾಯ ಮಾಡಲಿಲ್ಲ.

ಮೂರನೆಯದು ಮಳೆಗಾಲದ್ದು. ನದಿ ಉಕ್ಕಿ ಲಾಡ್ಜಿನ ಪಾರ್ಕಿಂಗಿಗೆ ನೀರು ಬಂದಿತ್ತು. ಪೊಲೀಸರು ಬಂದು ಹತ್ತೇ ನಿಮಿಷ ಅಂದರು, ಐದರಲ್ಲಿ ಹೊರಟೆ. ಆದೇಶ ತೋರಿಸಿ ಅಂತೇನೂ ಕೇಳಲಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲಾ ಪ್ರಾಧಿಕಾರಕ್ಕೆ ಜನರ ಓಡಾಟ ನಿಯಂತ್ರಿಸುವ ಅಧಿಕಾರ ಇದೆ, ಅದು ಇಲ್ಲದಿದ್ದರೂ ನೀರಿನ ಮುಂದೆ ಯಾವ ಹಕ್ಕು?

ಈಗ ಬ್ಯಾಗಿನಲ್ಲಿ ಕಾಲ್ ಶೀಟಿನ ಎರಡು ಪ್ರತಿ ಇಟ್ಟಿರುತ್ತೇನೆ, ಮುಂಗಡದ ರಸೀದಿ ಬಿಡದೆ ಕೇಳುತ್ತೇನೆ. ಆ ಎರಡನೇ ಲಾಡ್ಜಿಗೆ ಹೋದ ತಿಂಗಳು ಮತ್ತೆ ಹೋಗಿದ್ದೆ. ಅದೇ ಮ್ಯಾನೇಜರ್. ನನ್ನ ಮುಖ ನೋಡಿ, ರಿಜಿಸ್ಟರ್ ನನ್ನ ಕಡೆ ತಿರುಗಿಸಿ, ಪೆನ್ನು ಕೊಡುವ ಮೊದಲು ಅಂದ: ‘ಸಾರ್, ಈ ಸಲ ಹೆಸರು, ಅಡ್ರೆಸ್ ಮಾತ್ರ ಬರೀರಿ, ಆಯ್ತಾ?’