ಎಲ್ಲರಿಗೂ ಆರೋಗ್ಯ ಸೇವೆ: ಸುಧಾರಣೆಯ ಕರಡನ್ನು ಜರಡಿ ಹಿಡಿಯುವುದು ಹೇಗೆ

ಆರೋಗ್ಯ ಸುಧಾರಣೆಯ ಪ್ರಸ್ತಾವ ಕೈಗೆ ಬಂದರೆ ಮುನ್ನುಡಿ ಬಿಟ್ಟು ನೇರವಾಗಿ ಅನುಬಂಧಕ್ಕೆ ಹೋಗಿ. ‘ಸರ್ವರಿಗೂ ರಕ್ಷಣೆ’ ಎಂಬ ಸಾಲು ಎಲ್ಲ ಕರಡುಗಳಲ್ಲೂ ಇರುತ್ತದೆ. ಯಾವ ಸೇವೆ ಸೇರಿಲ್ಲ, ಹಣ ಎಲ್ಲಿಂದ ಬರುತ್ತದೆ, ಆಸ್ಪತ್ರೆಗೆ ಯಾವ ಲೆಕ್ಕದಲ್ಲಿ ಸಂದಾಯವಾಗುತ್ತದೆ ಎಂಬುದು ಸಿಗುವುದು ಕೊನೆಯ ಪುಟಗಳಲ್ಲಿ. ಅಲ್ಲೂ ಇಲ್ಲದಿದ್ದರೆ ಅದು ಪ್ರಸ್ತಾವವಲ್ಲ, ಭಾಷಣ.

ಮೊದಲು ಮೂರು ಅಂಕಿ ಬರೆದುಕೊಳ್ಳಿ: ಎಷ್ಟು ಜನರಿಗೆ, ಯಾವ್ಯಾವ ಸೇವೆಗೆ, ಬಿಲ್ಲಿನ ಎಷ್ಟು ಪಾಲು. ವಿಶ್ವ ಆರೋಗ್ಯ ಸಂಸ್ಥೆ ತನ್ನ 2010ರ ವರದಿಯಲ್ಲಿ ಈ ಮೂರನ್ನೇ ಒಂದು ಘನಾಕೃತಿಯ ಮೂರು ಬದಿಗಳಾಗಿ ಚಿತ್ರಿಸಿತ್ತು. ಸಾಮಾನ್ಯವಾಗಿ ಮೊದಲ ಅಂಕಿಗೆ ಪ್ರಚಾರ ಸಿಗುತ್ತದೆ, ಉಳಿದೆರಡು ಮಸುಕಾಗಿರುತ್ತವೆ.

ಆ ಮಸುಕಿನಲ್ಲಿ ಏನು ಅಡಗಿರುತ್ತದೆ ನೋಡಿ. ತಿಂಗಳಿಗೆ 20,000 ಖರ್ಚು ಮಾಡುವ ಒಂದು ಮನೆ. ಅದರಲ್ಲಿ ಸಕ್ಕರೆ ಕಾಯಿಲೆ ಮತ್ತು ಬಿಪಿಯ ಮಾತ್ರೆ, ರಕ್ತಪರೀಕ್ಷೆಗೆ 2,600 ಹೋಗುತ್ತದೆ ಎಂದುಕೊಳ್ಳಿ. ಅಂದರೆ ಶೇ 13. ಮನೆಯ ಒಟ್ಟು ಖರ್ಚಿನಲ್ಲಿ ಶೇ 10 ದಾಟಿದರೆ ವೈದ್ಯಕೀಯ ವೆಚ್ಚ ಆ ಕುಟುಂಬಕ್ಕೆ ವಿಪರೀತ ಹೊರೆ ಎಂಬುದು ಬಹುಕಾಲ ಬಳಕೆಯಲ್ಲಿರುವ ಅಳತೆ. ಯೋಜನೆ ಒಳರೋಗಿ ಚಿಕಿತ್ಸೆಗೆ ಮಾತ್ರವಾದರೆ ಕಾರ್ಡು ಬಂದ ಮೇಲೂ ಆ ಶೇ 13 ಹಾಗೇ ಉಳಿಯುತ್ತದೆ. ಹಾಗಾಗಿ ಹೊರರೋಗಿ ತಪಾಸಣೆ, ಔಷಧ, ಲ್ಯಾಬ್ ಸೇರಿವೆಯೇ ಎಂಬುದನ್ನು ಆಸ್ಪತ್ರೆ ಬಿಲ್ಲಿಗಿಂತ ಮೊದಲು ನೋಡಬೇಕು. ಈ ಅಳತೆಗೂ ಒಂದು ಕುರುಡು ಇದೆ: ದುಡ್ಡಿಲ್ಲದೆ ಆಸ್ಪತ್ರೆಯ ಕಡೆ ತಲೆ ಹಾಕದವರ ಖರ್ಚು ಸೊನ್ನೆ, ಹಾಗಾಗಿ ಅವರು ಲೆಕ್ಕದಲ್ಲಿ ಕ್ಷೇಮವಾಗಿದ್ದಾರೆ. ‘ಬೇಕಿದ್ದೂ ಚಿಕಿತ್ಸೆ ಪಡೆಯದವರು’ ಎಂಬ ಅಂಕಿಯನ್ನು ಪಕ್ಕದಲ್ಲಿಟ್ಟೇ ಓದಿ.

ಹೊರಗಿಟ್ಟ ಸೇವೆಗಳಿದ್ದರೆ ಅದೇ ತಪ್ಪಲ್ಲ. ಥಾಯ್ಲೆಂಡ್ 2002ರಲ್ಲಿ ತನ್ನ ಸಾರ್ವತ್ರಿಕ ಯೋಜನೆ ಶುರು ಮಾಡಿದಾಗ ಮೂತ್ರಪಿಂಡ ವೈಫಲ್ಯಕ್ಕೆ ಬೇಕಾದ ಡಯಾಲಿಸಿಸ್ ಅದರಲ್ಲಿರಲಿಲ್ಲ, 2008ರಲ್ಲಿ ಸೇರಿತು. ಪಟ್ಟಿಗೆ ಹೊಸದನ್ನು ಸೇರಿಸಲು ಯಾರು, ಯಾವ ಆಧಾರದ ಮೇಲೆ, ಎಷ್ಟು ವರ್ಷಕ್ಕೊಮ್ಮೆ ತೀರ್ಮಾನಿಸುತ್ತಾರೆ ಎಂದು ಕರಡಿನಲ್ಲಿ ಬರೆದಿರಬೇಕು, ಅಷ್ಟೇ.

ಇನ್ನು ದುಡ್ಡಿನ ಲೆಕ್ಕ. ಇದನ್ನು ಕಾಗದದ ಮೇಲೆ ನೀವೇ ಹಾಕಿ. 100 ಸದಸ್ಯರಲ್ಲಿ ವರ್ಷಕ್ಕೆ 5 ಜನ ದಾಖಲಾಗುತ್ತಾರೆ, ಸರಾಸರಿ ಬಿಲ್ಲು 40,000 ಎಂದರೆ ತಲೆಗೆ 2,000. ಆಡಳಿತ ವೆಚ್ಚ ಶೇ 8 ಸೇರಿಸಿ: 2,160. ಕರಡು ತಲೆಗೆ 2,200 ಇಟ್ಟಿದ್ದರೆ ಸಾಕು ಅನಿಸುತ್ತದೆ. ಆದರೆ ದುಡ್ಡಿನ ಭಯ ಹೋದ ಮೇಲೆ ಇಷ್ಟು ದಿನ ಕಾಯಿಲೆ ನುಂಗಿಕೊಂಡಿದ್ದವರೂ ಬರುತ್ತಾರೆ. ಬರಲೆಂದೇ ಅಲ್ಲವೇ ಯೋಜನೆ? ದಾಖಲಾತಿ 7ಕ್ಕೆ ಏರಿದರೆ ಬೇಕಾಗುವುದು 3,024. ಕೊರತೆ 824, ಅಂದರೆ ಕಾಲು ಭಾಗಕ್ಕಿಂತ ಹೆಚ್ಚು. ಈ ಕೊರತೆ ಹೊರಬೀಳುವ ದಾರಿ ಗೊತ್ತಿರುವಂಥದ್ದೇ: ಕ್ಲೈಮ್ ಹಣ ತಿಂಗಳುಗಟ್ಟಲೆ ಬಾಕಿ, ‘ಹಾಸಿಗೆ ಖಾಲಿ ಇಲ್ಲ’ ಎಂಬ ಉತ್ತರ, ಕೈಗವಸು-ಸಿರಿಂಜಿನ ಹೆಸರಲ್ಲಿ ಬೇರೆ ಚೀಟಿ. ಬಳಕೆ ಎಷ್ಟು ಏರುತ್ತದೆಂದು ಊಹಿಸಿದ್ದಾರೆ, ಕೊರತೆ ತುಂಬುವವರು ಯಾರು ಎಂಬೆರಡು ಪ್ರಶ್ನೆಗೆ ಉತ್ತರ ಇಲ್ಲದ ಬಜೆಟ್ಟನ್ನು ನಂಬಬೇಡಿ.

ಹಣದ ಮೂಲದಲ್ಲಿ ‘ಇಷ್ಟವಿದ್ದವರು ಪ್ರೀಮಿಯಂ ಕಟ್ಟಿ ಸೇರಬಹುದು’ ಎಂದಿದ್ದರೆ ಕೆಂಪು ಗೆರೆ ಎಳೆಯಿರಿ. ಕಾಯಿಲೆ ಇರುವವರು ಮೊದಲು ಸೇರುತ್ತಾರೆ, ವೆಚ್ಚ ಏರಿ ಪ್ರೀಮಿಯಂ ಏರುತ್ತದೆ, ಗಟ್ಟಿಮುಟ್ಟಾದವರು ಕಳಚಿಕೊಳ್ಳುತ್ತಾರೆ. ಸಂಬಳದಿಂದ ಕಡಿತ ಎಂದಿದ್ದರೆ, ಸಂಬಳದ ಚೀಟಿಯೇ ಇಲ್ಲದ ದಿನಗೂಲಿಯವರ ಪಾಲು ಕಟ್ಟುವವರಾರು ಎಂದು ಕೇಳಿ. ಥಾಯ್ಲೆಂಡ್ ಅಂಥವರಿಗೆ ಸಾಮಾನ್ಯ ತೆರಿಗೆಯ ಹಣವನ್ನೇ ಬಳಸಿತು. ತೆರಿಗೆ ಎಂದಿದ್ದರೆ ದರವನ್ನೂ ಹೇಳಿರಬೇಕು. ಅಮೆರಿಕದ ವರ್ಮಾಂಟ್ ರಾಜ್ಯ 2011ರಲ್ಲಿ ಎಲ್ಲರಿಗೂ ಆರೋಗ್ಯ ರಕ್ಷಣೆಯ ಕಾನೂನು ಮಾಡಿ, ದರವನ್ನು ಆಮೇಲೆ ಲೆಕ್ಕ ಹಾಕಿತು. ಸಂಸ್ಥೆಗಳ ಮೇಲೆ ವೇತನದ ಶೇ 11.5, ಜನರ ಮೇಲೆ ಆದಾಯದ ಶೇ 9.5ರವರೆಗೆ ಬೇಕೆಂದಾಗ 2014ರ ಡಿಸೆಂಬರಿನಲ್ಲಿ ಗವರ್ನರೇ (ಅಲ್ಲಿ ರಾಜ್ಯ ಸರ್ಕಾರದ ಚುನಾಯಿತ ಮುಖ್ಯಸ್ಥರು) ಯೋಜನೆ ಕೈಬಿಟ್ಟರು.

ಆಸ್ಪತ್ರೆಗೆ ಪಾವತಿಸುವ ರೀತಿಯೇ ವೈದ್ಯರ ನಡವಳಿಕೆಯನ್ನು ತಿದ್ದುತ್ತದೆ, ಕೆಡಿಸುತ್ತದೆ. ಸೇವೆಗೊಂದು ಶುಲ್ಕ ಎಂದರೆ ಬೇಡದ ಸ್ಕ್ಯಾನ್ ಹೆಚ್ಚುತ್ತದೆ. ತಲೆಗಿಷ್ಟು ಎಂದು ವರ್ಷಕ್ಕೊಮ್ಮೆ ಕೊಟ್ಟರೆ ಬೇಕಾದದ್ದೂ ಕಡಿಮೆಯಾಗಬಹುದು. ಕಾಯಿಲೆಗೊಂದು ಪ್ಯಾಕೇಜ್ ದರವಾದರೆ (ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್ 1983ರಲ್ಲಿ ತಂದದ್ದು) ಬೇಗ ಡಿಸ್ಚಾರ್ಜ್ ಮಾಡುವುದು, ಸಣ್ಣ ಕಾಯಿಲೆಯನ್ನು ದೊಡ್ಡದೆಂದು ಬರೆಯುವುದು ಶುರು. ದೋಷವಿಲ್ಲದ ಪದ್ಧತಿಯೇ ಇಲ್ಲ. ಆಯ್ದುಕೊಂಡ ಪದ್ಧತಿಯ ದೋಷಕ್ಕೆ ತಕ್ಕ ಕಾವಲು ಇದೆಯೇ ಎಂಬುದಷ್ಟೇ ಪರೀಕ್ಷೆ.

ರೋಗಿಯಿಂದ ಹೆಚ್ಚುವರಿ ವಸೂಲಿ ನಿಷಿದ್ಧ ಎಂದು ಬರೆದರೆ ಸಾಲದು, ಮುರಿದರೆ ಏನಾಗುತ್ತದೆ ಎಂದೂ ಇರಬೇಕು. ಕೆನಡಾದ 1984ರ ಆರೋಗ್ಯ ಕಾಯ್ದೆಯಲ್ಲಿ, ಪ್ರಾಂತ್ಯವೊಂದರಲ್ಲಿ ರೋಗಿಗಳಿಂದ ಹಾಗೆ ವಸೂಲಾದಷ್ಟೇ ಮೊತ್ತ ಆ ಪ್ರಾಂತ್ಯಕ್ಕೆ ಬರುವ ಕೇಂದ್ರದ ಅನುದಾನದಲ್ಲಿ ಕಡಿತವಾಗುತ್ತದೆ. ‘ಸೂಕ್ತ ಕ್ರಮ ಜರುಗಿಸಲಾಗುವುದು’ ಎಂಬುದಕ್ಕೂ ಇದಕ್ಕೂ ಎಷ್ಟು ಅಂತರ!

ಕಡೆಗೆ ಸಿಬ್ಬಂದಿಯ ಕೋಷ್ಟಕ. ಕಾರ್ಡನ್ನು ಒಂದೇ ತಿಂಗಳಲ್ಲಿ ಹಂಚಬಹುದು, ನರ್ಸ್ ತಯಾರಾಗಲು ವರ್ಷಗಳು ಬೇಕು. ಮೊದಲ ಐದು ವರ್ಷ ಪ್ರತಿ ವರ್ಷ ಎಷ್ಟು ಹುದ್ದೆ ಭರ್ತಿಯಾಗುತ್ತದೆ, ಯಾವ ದೂರದ ಊರಿಗೆ ಎಷ್ಟು ಎಂಬ ವಿವರ ಇಲ್ಲದಿದ್ದರೆ, ಆಕ್ಷೇಪಣೆ ಸಲ್ಲಿಸುವಾಗ ಅದನ್ನೇ ಮೊದಲ ಅಂಶವಾಗಿ, ಕಲಂ ಸಂಖ್ಯೆಯ ಸಮೇತ, ಬರೆದು ಕೊಡಿ.