ದೂರದೂರಿಂದ ಮೈಸೂರಿಗೆ ಬಂದ್ರೆ ಮೊದಲು ಏನು ಮಾಡ್ಕೊಬೇಕು, ಆಮೇಲೆ ಏನು

ನೋಯ್ಡಾದಿಂದ ಮೈಸೂರಿಗೆ ಬಂದ ಐದನೇ ದಿನ ಸಿಟಿ ಬಸ್ ಹತ್ತಿದ್ದೆ. ಹುಟ್ಟಿ ಬೆಳೆದಿದ್ದು ಪಾಂಡವಪುರ ಕಡೆ ಹಳ್ಳೀಲಿ, ಮದುವೆ ಆಗಿ ಹನ್ನೊಂದು ವರ್ಷ ನೋಯ್ಡಾದಲ್ಲಿದ್ರೂ ಮಾತು ಮಾತ್ರ ಹಂಗೇ ಇದೆ, "ಒಂಟಿಕೊಪ್ಪಲ್‌ಗೆ ಒಂದ್ ಕೊಡಣ್ಣ" ಅಂದೆ. ಕಂಡಕ್ಟರ್ ಆಧಾರ್ ಕೇಳಿದ್ರು, ಕೊಟ್ಟೆ, ಹಿಂದೆ ಮುಂದೆ ತಿರುಗಿಸಿ ನೋಡಿ "ಮಾತು ನಮ್ ಕಡೇದೇ ಕಣಕ್ಕ, ಅಡ್ರೆಸ್ ಮಾತ್ರ ಯುಪಿದು, ಟಿಕೆಟ್ ತಗೊಬೇಕು" ಅಂದ್ರು. ಅವರು ಹೇಳಿದ್ದು ಸರೀನೇ. 2023ರ ಜೂನ್ 11ರಿಂದ ಶುರುವಾದ ಶಕ್ತಿ ಯೋಜನೇಲಿ ಫ್ರೀ ಟಿಕೆಟ್ ಇರೋದು ಕರ್ನಾಟಕದ ಅಡ್ರೆಸ್ ಇರೋ ಹೆಣ್ಣುಮಕ್ಕಳಿಗೆ. ದುಡ್ಡು ಕೊಟ್ಟು ಟಿಕೆಟ್ ತಗೊಂಡು ಕಿಟಕಿ ಪಕ್ಕ ಕೂತೆ, ಆದ್ರೆ ಮನಸ್ಸಿಗೆ ಒಂಥರಾ ಆಯ್ತು, ನನ್ನ ಜಿಲ್ಲೆ ಪಕ್ಕದಲ್ಲೇ ಇದೆ, ನಾನು ಮಾತ್ರ ಹೊರಗಿನೋಳು.

ಅದಕ್ಕೇ ಈಗ ಯಾರಾದ್ರೂ ದೆಹಲಿ, ಪುಣೆ, ಕೊಲ್ಕತ್ತಾ ಕಡೆಯಿಂದ ಇಲ್ಲಿಗೆ ಬರ್ತೀವಿ ಅಂದ್ರೆ ನಾನು ಮೊದಲು ಹೇಳೋದು ಅಡ್ರೆಸ್ ವಿಷಯ. ಕಾರ್ಡಲ್ಲಿರೋ ಅಡ್ರೆಸ್ ಬೇಗ ಆಗತ್ತೆ, ಬೀದೀಲಿ ಜನ ನಿಮ್ಮನ್ನ ಗುರುತು ಹಿಡಿಯೋದಕ್ಕೆ ಟೈಮ್ ಬೇಕು, ಎರಡನ್ನೂ ಮೊದಲ ವಾರದಿಂದಲೇ ಶುರು ಮಾಡ್ಬೇಕು, ಒಂದು ಮುಗಿಸಿ ಇನ್ನೊಂದು ಅಂತ ಕೂತ್ರೆ ಆಗಲ್ಲ.

ಊರು ಬಿಡೋ ಮುಂಚೆ ಅಲ್ಲೇ ಮುಗಿಸ್ಕೊಂಡು ಬರ್ಬೇಕಾದ ಕೆಲಸ ಎರಡಿದೆ, ಇಲ್ಲಿಗೆ ಬಂದ್ಮೇಲೆ ನೆನಪಾದ್ರೆ ತುಂಬಾ ಕಷ್ಟ. ಮೊದಲನೇದು ಗ್ಯಾಸ್. ಸಿಲಿಂಡರ್ ರೆಗ್ಯುಲೇಟರ್ ಎರಡೂ ನಿಮ್ಮ ಏಜೆನ್ಸಿಗೆ ವಾಪಸ್ ಕೊಟ್ರೆ ಟರ್ಮಿನೇಷನ್ ವೋಚರ್ ಅಂತ ಒಂದು ಕಾಗದ ಕೊಡ್ತಾರೆ, ಡೆಪಾಸಿಟ್ ದುಡ್ಡೂ ಬರತ್ತೆ, ಆ ಕಾಗದ ಇಲ್ಲಿ ತೋರಿಸಿದ್ರೆ ಕನೆಕ್ಷನ್ ಮುಂದುವರಿಯತ್ತೆ. ನಾನು ಸಾಮಾನು ಕಟ್ಟೋ ಗಡಿಬಿಡೀಲಿ ಸಿಲಿಂಡರ್‌ನ ಪಕ್ಕದ ಮನೆಯವರಿಗೆ ಕೊಟ್ಟು ಬಂದ್ಬಿಟ್ಟೆ. ಹದಿನೆಂಟು ದಿನ ಇಂಡಕ್ಷನ್ ಒಲೇಲಿ ಅಡುಗೆ. ಅನ್ನ ಸಾರು ಹೆಂಗೋ ಆಗತ್ತೆ, ಮುದ್ದೆ ಮಾಡೋಕೆ ಹೋಗಿ ನೋಡಿ, ನಮ್ಮ ಮುದ್ದೆ ಪಾತ್ರೆ ಅಲ್ಯೂಮಿನಿಯಂದು, ಇಂಡಕ್ಷನ್ ಮೇಲೆ ಅದು ಬಿಸಿನೇ ಆಗಲ್ಲ, ಸ್ಟೀಲ್ ಪಾತ್ರೇಲಿ ಮಾಡಿದ್ರೆ ತಳ ಹಿಡಿಯತ್ತೆ, ಕೋಲು ಹಾಕಿ ತಿರುವಿದ್ರೆ ಪಾತ್ರೆ ಗಾಜಿನ ಮೇಲೆ ಜಾರ್ಕೊಂಡು ಹೋಗತ್ತೆ, ಒಬ್ಬರು ಬಟ್ಟೆ ಹಾಕಿ ಗಟ್ಟಿಯಾಗಿ ಹಿಡ್ಕೊಬೇಕು ಇನ್ನೊಬ್ಬರು ತಿರುವ್ಬೇಕು. ಹನ್ನೊಂದು ವರ್ಷ ಆದ್ಮೇಲೆ ಕಾವೇರಿ ಸೀಮೆಗೆ ಬಂದು ನೆಟ್ಟಗೆ ಒಂದು ಮುದ್ದೆ ಉಣ್ಣಕ್ಕಾಗ್ಲಿಲ್ಲ ಅಂತ ಅತ್ತುಬಿಟ್ಟಿದ್ದೆ ಒಂದಿನ.

ಎರಡನೇದು ಗಾಡಿ. ಬೇರೆ ರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಟ್ಕೊಂಡ್ರೆ ಇಲ್ಲಿನ ನಂಬರ್ ಮಾಡಿಸ್ಲೇಬೇಕು, ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಇದು. ಅದಕ್ಕೆ ಹಳೇ ಊರಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಫಾರಂ 28. ಇಲ್ಲೇ ಇರ್ತೀವಿ ಅನ್ನೋದು ಖಾತ್ರಿ ಇದ್ರೆ ಅಲ್ಲಿಂದ ಹೊರಡೋ ಮುಂಚೆನೇ ಅರ್ಜಿ ಹಾಕಿ. ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಬೇಕು, ಗಾಡಿ ಹಳೇದಾದಷ್ಟೂ ಕಮ್ಮಿ, ಅಲ್ಲಿ ಕಟ್ಟಿರೋ ಟ್ಯಾಕ್ಸಲ್ಲಿ ಉಳಿದಿದ್ದನ್ನ ವಾಪಸ್ ಕೇಳ್ಬೋದು. ಹಳೇ ಗಾಡಿ ಆದ್ರೆ ಮಾರಿ ಬರೋದೇ ವಾಸಿ ಅಂತ ನನ್ನ ಅಭಿಪ್ರಾಯ. ಮೈಸೂರಲ್ಲಿ ಕೆಎ 09, ಕೆಎ 55 ಅಂತ ಎರಡು ಆರ್‌ಟಿಒ ಇದೆ, ನಿಮ್ಮ ಏರಿಯಾ ಯಾವುದಕ್ಕೆ ಬರತ್ತೆ ಕೇಳ್ಕೊಂಡು ಹೋಗಿ. ಡ್ರೈವಿಂಗ್ ಲೈಸೆನ್ಸ್‌ಗೆ ಅವಸರ ಇಲ್ಲ, ಅದು ದೇಶಕ್ಕೆಲ್ಲಾ ನಡೆಯತ್ತೆ.

ಈಗ ಮನೆ. ಕುವೆಂಪುನಗರ, ಸರಸ್ವತಿಪುರಂ, ವಿಜಯನಗರ, ಗೋಕುಲಂ, ಇವೆಲ್ಲಾ ಗೊತ್ತಿರೋ ಹೆಸರು, ಆಪಲ್ಲಿ ನೋಡ್ಕೊಂಡು ದೂರದಿಂದಲೇ ಅಡ್ವಾನ್ಸ್ ಹಾಕ್ಬೇಡಿ ದಯವಿಟ್ಟು. ಒಂದು ವಾರ ನೆಂಟರ ಮನೇಲೋ ಲಾಡ್ಜಲ್ಲೋ ಇದ್ದು ಬೀದಿ ಬೀದಿ ಸುತ್ತಿ, ಇಲ್ಲಿ ಒಳ್ಳೊಳ್ಳೆ ಮನೆ ಇನ್ನೂ ಗೇಟಿಗೆ ಕಟ್ಟಿರೋ ಟು-ಲೆಟ್ ಬೋರ್ಡಲ್ಲೇ ಸಿಗತ್ತೆ. ಕೇಳ್ಬೇಕಾದ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಅಂತಲ್ಲ, ನೀರು ಯಾವುದು ಅಂತ. ಕಾವೇರಿ ನೀರಾ ಬೋರ್ ನೀರಾ. ಹೊರವಲಯದ ಎಷ್ಟೋ ಹೊಸ ಲೇಔಟಲ್ಲಿ ಬೋರ್ ನೀರೇ, ಗಡಸು, ಗೀಸರ್ ಒಳಗೆ ಬಿಳೀ ಪದರ ಕಟ್ಟತ್ತೆ, ಬೇಳೆ ಬೇಗ ಬೇಯಲ್ಲ. ಕಾವೇರಿ ನೀರಿದ್ರೂ ದಿನಾ ಇಪ್ಪತ್ನಾಲ್ಕು ಗಂಟೆ ಬರತ್ತೆ ಅಂದ್ಕೊಬೇಡಿ, ಬಿಡೋ ಹೊತ್ತಿಗೆ ಸಂಪು ತುಂಬ್ಕೊಬೇಕು, ಮೋಟಾರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸ್ಬೇಕು. ಅಪಾರ್ಟ್‌ಮೆಂಟಲ್ಲಿ ನಲ್ಲಿ ತಿರುಗಿಸಿ ಅಭ್ಯಾಸ ಆದೋರಿಗೆ ಇದು ಹೊಸದು. ಓನರ್ ಹತ್ರ ಸಂಪು ಎಲ್ಲಿದೆ, ಮೋಟಾರ್ ಸ್ವಿಚ್ ಯಾವುದು, ನೀರು ಯಾವ ದಿನ ಎಷ್ಟೊತ್ತಿಗೆ ಬರತ್ತೆ, ಮೂರನ್ನೂ ಕೀ ತಗೊಳೋ ದಿನವೇ ಕೇಳಿ.

ಭೋಗ್ಯ ಅಂತ ಒಂದು ಮಾತು ಕೇಳಿಬರತ್ತೆ, ಲೀಸ್ ಅಂತಲೂ ಅಂತಾರೆ. ಲಕ್ಷಗಟ್ಟಲೆ ದುಡ್ಡು ಒಂದೇ ಸಲ ಓನರ್‌ಗೆ ಕೊಡೋದು, ತಿಂಗಳ ಬಾಡಿಗೆ ಇಲ್ಲ, ಬಿಡೋವಾಗ ಪೂರ್ತಿ ದುಡ್ಡು ವಾಪಸ್. ಉತ್ತರದ ಕಡೆಯಿಂದ ಬಂದೋರಿಗೆ ಆಶ್ಚರ್ಯ ಆಗತ್ತೆ, ಆಸೇನೂ ಆಗತ್ತೆ. ನಾನು ಬೇಡ ಅಂತ ಹೇಳಲ್ಲ, ನಮ್ಮ ಬಂಧುಗಳು ಎಷ್ಟೋ ಜನ ಹಂಗೇ ಇದ್ದಾರೆ, ಆದ್ರೆ ಮೊದಲ ವರ್ಷ ಬೇಡ. ಓನರ್ ಆ ಮನೆ ಮೇಲೆ ಸಾಲ ಮಾಡಿ ಕಟ್ಟದೆ ಹೋದ್ರೆ ಬ್ಯಾಂಕಿನೋರು ಬರೋದು ನೀವಿರೋ ಮನೆ ಬಾಗಿಲಿಗೆ. ಹೋಗ್ಲೇಬೇಕು ಅಂದ್ರೆ ಸರ್ಕಾರದ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಲ್ಲಿ ಆ ಆಸ್ತಿಯ ಇ.ಸಿ., ಅಂದ್ರೆ ಋಣಭಾರ ಪತ್ರ, ತೆಗೆಸಿ ನೋಡಿ, ಕರಾರು ರಿಜಿಸ್ಟರ್ ಮಾಡಿಸಿ, ಬರೀ ಸ್ಟ್ಯಾಂಪ್ ಪೇಪರ್ ಮೇಲೆ ಸೈನ್ ಹಾಕಿ ಅಷ್ಟು ದುಡ್ಡು ಕೊಡ್ಬೇಡಿ.

ಮನೆ ಆದ ಮೇಲೆ ಕಾಗದ. ಮನೆಯಲ್ಲಿ ಒಬ್ಬರ ಆಧಾರ್ ಅಡ್ರೆಸ್ ಮೊದಲು ಬದಲಾಯಿಸಿ, ರಿಜಿಸ್ಟರ್ ಆದ ಬಾಡಿಗೆ ಕರಾರು ಇದ್ರೆ ಸುಲಭ. ಮಿಕ್ಕೋರ್ದು ಆ ಒಬ್ಬರ ಒಪ್ಪಿಗೆ ಮೇಲೆ, ಸಂಬಂಧ ತೋರಿಸೋ ದಾಖಲೆ ಹಾಕಿ, ಆನ್‌ಲೈನಲ್ಲೇ ಆಗತ್ತೆ. ಆಧಾರ್ ಆದ್ರೆ ಮಿಕ್ಕಿದ್ದು ಒಂದರ ಹಿಂದೆ ಒಂದು ತಾನಾಗೇ ಬರತ್ತೆ, ಬ್ಯಾಂಕು, ಬಸ್ಸು, ವೋಟರ್ ಲಿಸ್ಟಿಗೆ ಫಾರಂ 8. ಕರೆಂಟ್ ಇಲ್ಲಿ ಚೆಸ್ಕಾಂದು. ಫ್ರೀ ಕರೆಂಟಿನ ಗೃಹಜ್ಯೋತಿ ಯೋಜನೆ ಬಾಡಿಗೆ ಮನೆಯವರಿಗೂ ಇದೆ, 200 ಯೂನಿಟ್ ಮಿತಿ ಒಳಗೆ, ಆದ್ರೆ ನಿಮಗಿಂತ ಮುಂಚೆ ಇದ್ದೋರ ಆಧಾರ್ ಆ ಮೀಟರ್‌ಗೆ ಸೇರ್ಕೊಂಡಿದ್ರೆ ಅವರು ಡಿ-ಲಿಂಕ್ ಮಾಡೋ ತನಕ ನಿಮ್ಮದು ಆಗಲ್ಲ. ಹಳೇ ಬಾಡಿಗೆದಾರರ ಫೋನ್ ನಂಬರ್ ಓನರ್ ಹತ್ರ ಇಸ್ಕೊಂಡಿಟ್ಕೊಳಿ. ಕಸ ಬೇರೆ ಮಾಡೋದು ಮೊದಲ ದಿನದಿಂದಲೇ, ಹಸಿ ಕಸ ಒಣ ಕಸ. 2016ರ ಸ್ವಚ್ಛ ಸರ್ವೇಕ್ಷಣೇಲಿ ದೇಶಕ್ಕೇ ಮೊದಲು ಬಂದ ಊರಿದು, ಬೀದಿಯೋರು ಕಸದ ವಿಷಯದಲ್ಲಿ ಬಿಟ್ಟುಕೊಡಲ್ಲ.

ಮಕ್ಕಳ ಕನ್ನಡ ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಆಗಿತ್ತು. 2015ರ ಕನ್ನಡ ಕಲಿಕೆ ಕಾಯ್ದೆ ಪ್ರಕಾರ ಸಿಬಿಎಸ್‌ಇ ಶಾಲೇಲೂ ಕನ್ನಡ ಕಲೀಲೇಬೇಕು. ಮಗ ಆರನೇ ಕ್ಲಾಸು, ಮನೇಲಿ ಕನ್ನಡ ಮಾತಾಡ್ತಾನೆ, ಒಂದಕ್ಷರ ಓದಕ್ಕೆ ಬರ್ತಿರ್ಲಿಲ್ಲ. ಟ್ಯೂಷನ್‌ಗೆ ಹಾಕಿದ್ವಿ, ಹೆದರ್ಕೊಂಡು ಬಾಯೇ ಬಿಡ್ತಿರ್ಲಿಲ್ಲ. ಆಮೇಲೆ ಭಾನುವಾರ ಬೆಳಗ್ಗೆ ಅವನನ್ನ ಸಿಟಿ ಬಸ್ ಸ್ಟ್ಯಾಂಡಿಗೆ ಕರ್ಕೊಂಡು ಹೋಗಿ ಬೋರ್ಡ್ ಓದಿಸೋಕೆ ಶುರು ಮಾಡ್ದೆ. ರೂಲ್ ಏನಪ್ಪಾ ಅಂದ್ರೆ, ಅವನು ತಪ್ಪಿಲ್ದೆ ಓದಿದ ಬಸ್ಸಿಗೆ ನಾವು ಹತ್ತೋದು, ಅದು ಎಲ್ಲಿಗೆ ಹೋಗತ್ತೋ ಅಲ್ಲಿಗೆ. ಮೊದಲ ವಾರ ಓದಿದ್ದು 'ಚಾಮುಂಡಿ ಬೆಟ್ಟ', 201 ನಂಬರ್ ಬಸ್ಸು. 'ಟ್ಟ' ಹೇಳೋಕೆ ಮೂರು ಸಲ ನಿಂತ. ಕುಕ್ಕರಹಳ್ಳಿ ಅನ್ನೋ ಒಂದು ಹೆಸರಲ್ಲೇ ಎರಡು ಒತ್ತಕ್ಷರ ಇದೆ, ಒಂಟಿಕೊಪ್ಪಲು ಬಂದ್ರೆ 'ಪ್ಪ' ಬಂತು, ಹಿಂಗೆ ಊರೂ ಗೊತ್ತಾಯ್ತು ಅಕ್ಷರವೂ ಬಂತು. ಬೇಸಿಗೆ ರಜಕ್ಕೆ ರಂಗಾಯಣದಲ್ಲಿ ಚಿಣ್ಣರ ಮೇಳ ನಡೆಯತ್ತೆ, ಮಕ್ಕಳ ನಾಟಕದ ಶಿಬಿರ, ಸೀಟು ಸಿಕ್ಕಿದ್ರೆ ಬಿಡ್ಬೇಡಿ, ಮಕ್ಕಳು ಜೊತೆಗಾರರ ಬಾಯಿಂದ ಕಲಿಯೋ ಕನ್ನಡ ನಾವು ಹೇಳ್ಕೊಡೋದಕ್ಕಿಂತ ಬೇಗ ಹತ್ತತ್ತೆ.

ದೊಡ್ಡವರ ಕಥೆ ಬೇರೆ. ಮಕ್ಕಳಿಗೆ ಶಾಲೆ, ಗಂಡಂದಿರಿಗೆ ಆಫೀಸು, ಮನೇಲಿ ಉಳಿಯೋರಿಗೆ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ ಇದೆ ನೋಡಿ, ಅದು ತುಂಬಾ ಉದ್ದ. ನನಗೆ ನೋಯ್ಡಾದ ಚಳಿಗಾಲದ ಬಿಸಿಲು ನೆನಪಾಗೋದು, ಟೆರೇಸ್ ಮೇಲೆ ಅಕ್ಕಪಕ್ಕದ ಹೆಂಗಸರೆಲ್ಲಾ ಕೂತು ಬಟಾಣಿ ಸುಲೀತಾ ಮಾತಾಡ್ತಿದ್ದಿದ್ದು. ಅದು ನೆನಪಾಗೋದು ತಪ್ಪಲ್ಲ, ಫೋನ್ ಮಾಡಿ, ಅಳು ಬಂದ್ರೆ ಅತ್ತುಬಿಡಿ. ಆದ್ರೆ ದಿನಕ್ಕೆ ಒಂದು ಸಲ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಹೋಗಿ. ಇದೊಂದನ್ನ ಮಾತ್ರ ಬಿಡಲೇಬೇಡಿ. ಹೊಸ ಹೊಸ ಜಾಗ ನೋಡೋದು ಪ್ರವಾಸ ಬಂದೋರ ಕೆಲಸ, ಇರೋಕೆ ಬಂದೋರು ಹೋದ ಕಡೇನೇ ಮತ್ತೆ ಹೋಗ್ಬೇಕು. ಬೆಳಗ್ಗೆ ಆದ್ರೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು, ಹತ್ತು ದಿನ ಒಂದೇ ಟೈಮಿಗೆ ಹೋಗಿ, ಎದುರು ಸಿಗೋರು ತಾವಾಗೇ ನಗ್ತಾರೆ.

ನನಗೆ ದಾರಿ ಮಾಡಿಕೊಟ್ಟಿದ್ದು ಸೊಪ್ಪು. ನಮ್ಮ ಬೀದಿ ತಿರುವಲ್ಲಿ ಬೆಳಗ್ಗೆ ಏಳಕ್ಕೆ ಹಳ್ಳಿಯಿಂದ ಒಬ್ಬ ಅಜ್ಜಿ ಗೋಣಿಚೀಲ ಹಾಸಿ ಕೂರ್ತಾರೆ, ಬೆರಕೆ ಸೊಪ್ಪು ತರ್ತಾರೆ, ಕೀರೆ, ಅಣ್ಣೆ, ಹೊನಗನ್ನೆ, ಗಣಕೆ, ಎಲ್ಲಾ ಸೇರಿದ್ದು, ಮೇಲೆ ನೀರು ಚಿಮುಕಿಸಿರ್ತಾರೆ, ಬೇರಲ್ಲಿ ಇನ್ನೂ ಕೆಂಪು ಮಣ್ಣಿರತ್ತೆ. ಮೊದಲ ದಿನ ನಾನು ಮಾಲಲ್ಲಿ ಕೊಂಡ ಹಾಗೆ ದುಡ್ಡು ಕೊಟ್ಟು ಕಟ್ಟು ಎತ್ಕೊಂಡು ಬಂದೆ. ಒಂದು ವಾರ ಆದ್ಮೇಲೆ ಕೇಳಿದ್ರು, "ಏನ್ ಮಾಡ್ತೀಯವ್ವ ಇದ್ನ?" ಅಂತ. ಬಸ್ಸಾರು ಅಂದೆ. "ಕಾಳು ಯಾವ್ದು ಹಾಕ್ತೀಯೆ?" ಹೆಸರುಕಾಳು ಅಂದೆ. "ಅಲಸಂದೆ ಹಾಕು, ಸೊಪ್ಪು ಬಸಿದ್ ನೀರ್ ಚೆಲ್ಬ್ಯಾಡ" ಅಂತ ಹೇಳಿ ಒಂದು ಹಿಡಿ ಸಬ್ಬಸಿಗೆ ಮೇಲೆ ಹಾಕಿದ್ರು, ದುಡ್ಡು ಕೊಡೋಕೆ ಹೋದ್ರೆ ಇಸ್ಕೊಳ್ಳಲಿಲ್ಲ. ಹಂಗಾಗಿ ವ್ಯಾಪಾರದಲ್ಲಿ ಅವಸರ ಮಾಡ್ಬೇಡಿ ಅಂತೀನಿ, ಎರಡು ಮಾತು ಆಡಿ, ಅಣ್ಣ ಅಕ್ಕ ಅಜ್ಜಿ ಅನ್ನಿ. ದೇವರಾಜ ಮಾರ್ಕೆಟ್‌ಗೆ ಹೋದ್ರೂ ಅಷ್ಟೇ, ಹೂವು ಮಾರಿನ ಲೆಕ್ಕ, ಕೈ ಚಾಚಿ ಅಳೀತಾರೆ, ಮೊದಲು ರೇಟ್ ಕೇಳಿ ಆಮೇಲೆ ಮಾರು ಹಾಕ್ಸಿ. ಕನ್ನಡ ಬರದೋರು ನಿಮ್ಮ ಮನೇಲಿದ್ರೆ ಅವರಿಗೆ 'ಕೊಡಿ', 'ಬನ್ನಿ', 'ಊಟ ಆಯ್ತಾ' ಮೂರು ಮೊದಲು ಕಲಿಸಿ, 'ಕೊಡು' ಬೇಡ, ಆ ಒಂದು 'ಇ'ಕಾರಕ್ಕೆ ಇಲ್ಲಿ ತುಂಬಾ ಬೆಲೆ ಇದೆ. ಮತ್ತೆ ಯಾರ ಮನೆಯಿಂದ ಹೊರಟ್ರೂ 'ಹೋಗ್ತೀನಿ' ಅನ್ಬೇಡಿ, 'ಹೋಗ್ಬರ್ತೀನಿ' ಅನ್ನಿ.

ಹವಾಮಾನಕ್ಕೆ ಜಾಸ್ತಿ ಹೇಳೋದಿಲ್ಲ. ಹೀಟರ್ ಬೇಡ, ದಪ್ಪ ರಜಾಯಿ ಒಂದಿದ್ರೆ ಸಾಕು, ಛತ್ರಿ ಮಾತ್ರ ಅಕ್ಟೋಬರ್ ಮುಗಿಯೋ ತನಕ ಒಳಗಿಡ್ಬೇಡಿ.

ಇನ್ನು ದಸರಾ. ಬಂದ ಮೊದಲ ವರ್ಷವೇ ಹಳೇ ಊರಿನ ಫ್ರೆಂಡ್ಸ್ ಎಲ್ಲಾ "ನಾವೂ ಬರ್ತೀವಿ" ಅಂತಾರೆ, ಬರ್ಲಿ, ಬರ್ಬೇಕು. ರೈಲ್ವೆ ರಿಸರ್ವೇಷನ್ ಈಗ 60 ದಿನ ಮುಂಚೆ ಓಪನ್ ಆಗತ್ತೆ, ನಿಜಾಮುದ್ದೀನ್‌ನಿಂದ ಮೈಸೂರಿಗೆ ನೇರ ಬರೋ ಸ್ವರ್ಣ ಜಯಂತಿ ಎಕ್ಸ್‌ಪ್ರೆಸ್ ವಾರಕ್ಕೆ ಒಂದೇ ಸಲ, ರಿಸರ್ವೇಷನ್ ಓಪನ್ ಆದ ದಿನವೇ ಬುಕ್ ಮಾಡಕ್ಕೆ ಹೇಳಿ. ಝೂ ಮಂಗಳವಾರ ರಜ ಅಂತ ನೆನಪಿರಲಿ, ಹಬ್ಬದ ಸಮಯದಲ್ಲಿ ಏನಾದ್ರೂ ಬದಲಾವಣೆ ಇದ್ಯಾ ವಿಚಾರಿಸ್ಕೊಳಿ. ಅರಮನೆ ದೀಪ ಭಾನುವಾರ ಮತ್ತೆ ಸರ್ಕಾರಿ ರಜೆ ದಿನ ಸಂಜೆ ಏಳರ ಸುಮಾರಿಗೆ ಹತ್ತತ್ತೆ, ದಸರಾದಲ್ಲಿ ದಿನಾ. ಅರಮನೆ ಸುತ್ತ ಆ ದಿನಗಳಲ್ಲಿ ಕಾರ್ ತೆಗೆಯೋ ಯೋಚನೆನೇ ಬೇಡ, ಬಸ್ಸಲ್ಲೇ ಹೋಗಿ. ಹೋದ ದಸರಾಗೆ ನೋಯ್ಡಾದ ಗೆಳತಿ ಬಂದಿದ್ಲು, ಬಸ್ ಹತ್ತಿದಾಗ ಅವಳಿಗೆ ದುಡ್ಡಿನ ಟಿಕೆಟ್ ತೆಗೆಸಿದೆ, ನನ್ನ ಕಾರ್ಡ್ ನೋಡಿ ಕಂಡಕ್ಟರ್ ಏನೂ ಕೇಳದೆ ಫ್ರೀ ಟಿಕೆಟ್ ಹರಿದುಕೊಟ್ರು, ಮಗ ಕಿಟಕಿ ಹತ್ರ ಕೂತು ಅವಳಿಗೆ ಒಂದೊಂದೇ ಸ್ಟಾಪಿನ ಬೋರ್ಡ್ ಓದಿ ಹೇಳ್ತಿದ್ದ.