ಡೇರೆ ಗೆಡ್ಡೆ ಬೇಸಿಗೆ ದಾಟಿದ ಬಗೆ

ಈ ಸಲ ರೋಹಿಣಿ ಮಳೆ ಹೊತ್ತಿಗೆ, ಡೇರೆ ಹೂವಿನ (ಡೇಲಿಯಾ) ಗೆಡ್ಡೆ ಕಾಪಿಟ್ಟಿದ್ದ ಹೆಡಿಗೆ ಬಿಚ್ಚಿ ನೋಡಿದರೆ 45 ಬುಡಗಳಲ್ಲಿ, ಅಂದರೆ ಗೆಡ್ಡೆಯ ಗೊಂಚಲುಗಳಲ್ಲಿ, 41ಕ್ಕೆ ಜೀವ ಇತ್ತು. "ಡೇರೆಗೆ ಇಷ್ಟೆಲ್ಲ ಉಪಚಾರ ಯಾಕೆ ಮಾರಾಯ್ತಿ, ನೆಲದಲ್ಲೇ ಬಿಡು, ಬರೋದು ಬರ್ತದೆ" ಅಂತಿದ್ದ ಅತ್ತೆಯೇ ಎರಡು ಗೆಡ್ಡೆ ಇಸಿದುಕೊಂಡು ಹೋದರು.

ನಮ್ಮ ಮಲೆನಾಡಿನ ಸಾಗರ ಊರಿನ ಕಡೆ ಡೇರೆಗೆ ಚಳಿಯ ಭಯವಿಲ್ಲ. ಮಾರ್ಚ್ ಬಿಸಿಲೂ ಏಪ್ರಿಲ್ ಕೊನೆಯ ಅಡ್ಡಮಳೆಯೂ ಸೇರಿ ಕೊಲ್ಲುತ್ತವೆ. ಮೊದಲ ವರ್ಷ ನೆಲದಲ್ಲೇ ಬಿಟ್ಟಿದ್ದೆ. ಭರಣಿ ಮಳೆ ಎರಡು ದಿನ ಹೊಯ್ದಿದ್ದೇ, ಅಗೆದರೆ ಕೊಳೆತ ವಾಸನೆ. ತವರಿನಿಂದ ತಂದಿದ್ದ ಕುಂಕುಮ ಬಣ್ಣದ ಡೇರೆ ಹೋಗಿದ್ದು ಆಗಲೇ. ಮರುವರ್ಷ ಅಂಚೆಯಲ್ಲಿ ತರಿಸಿದ 16 ಗೆಡ್ಡೆ, ಒಂದಕ್ಕೆ 150 ರೂಪಾಯಿಯಂತೆ ಕೊಟ್ಟಿದ್ದು, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬೂಸಲು ಹಿಡಿಸಿದೆ. ಮೂರನೇ ವರ್ಷ ಬಚ್ಚಲೊಲೆಯ ಮೇಲಿನ ಅಟ್ಟ. ಹೊಗೆಗೆ ಹುಳ ಬರಲಿಲ್ಲ ನಿಜ, ಗೆಡ್ಡೆ ಮಾತ್ರ ಒಣಶುಂಠಿಯಾಗಿತ್ತು.

ಈಗ ಮಾಡುವುದು ಹೀಗೆ. ಡಿಸೆಂಬರಿನಲ್ಲಿ ಗಿಡ ಪೂರಾ ಒಣಗಿದ ಮೇಲೆ ನಾಲ್ಕು ಬೆರಳು ಕಾಂಡ ಬಿಟ್ಟು ಕೊಯ್ದು, ಹಾರೆ ದೂರದಿಂದ ಹಾಕಿ ಮಣ್ಣಿನ ಹೆಂಟೆ ಸಮೇತ ಎಬ್ಬಿಸುತ್ತೇನೆ. ಗೆಡ್ಡೆಯ ಕುತ್ತಿಗೆ ಮುರಿದರೆ ಅದು ಎಷ್ಟು ದಪ್ಪ ಇದ್ದರೂ ಚಿಗುರುವುದಿಲ್ಲ. ಆಮೇಲೆ ತಲೆಕೆಳಗಾಗಿ ನೆರಳಲ್ಲಿ ಒಂದು ವಾರ. ಕಾಂಡ ಪೊಳ್ಳು, ಅದರೊಳಗೆ ನಿಂತ ನೀರೇ ಚಿಗುರೊಡೆಯುವ ಕಣ್ಣನ್ನು ಕೊಳೆಸುವುದು. ಇದು ಹೊಳೆಯಲು ನನಗೆ ಮೂರು ವರ್ಷ ಹಿಡಿಯಿತು. ಕೊಯ್ದ ಬಾಯಿಗೆ ಬೂದಿ, ಅರಿಶಿನ ಮತ್ತೆ ಇನ್ನೊಂದು ಪುಡಿ ಹಚ್ಚುತ್ತೇನೆ. ಅದು ಯಾವುದೆಂದು ಸದ್ಯಕ್ಕೆ ಹೇಳುವುದಿಲ್ಲ. ಬಿದಿರಿನ ಹೆಡಿಗೆಗೆ ಒಣಮಣ್ಣು, ತೆಂಗಿನ ನಾರಿನ ಪುಡಿ ಸಮಪಾಲು ಹಾಕಿ, ಬುಡಕ್ಕೆ ಬುಡ ತಾಗದಂತೆ ಇಟ್ಟು, ಉಗ್ರಾಣದ ಕತ್ತಲ ಮೂಲೆಗೆ. ಮಾರ್ಚಿನಿಂದ ಇಪ್ಪತ್ತು ದಿನಕ್ಕೊಮ್ಮೆ ಕೈ ಅದ್ದಿ ನೀರು ಚಿಮುಕಿಸಿದರೆ ಸಾಕು. ಗೆಡ್ಡೆ ಹಿಚುಕಿದಾಗ ಮೆತ್ತಗಿನ ಬೆಂಡಾಗಿದ್ದರೆ ನೀರು ಬೇಕು, ಲೋಳೆ ಅಂಟಿದರೆ ಎತ್ತಿ ಎಸೆಯಿರಿ.

ಡಿಸೆಂಬರಿನಲ್ಲೇ ಪಾಲು ಮಾಡಿ ಇಟ್ಟೂ ನೋಡಿದೆ. ಹತ್ತರಲ್ಲಿ ಆರು ಸುಕ್ಕಿದವು. ಇಡೀ ಬುಡ ಇಟ್ಟು, ಮೇ ತಿಂಗಳಲ್ಲಿ ಕಣ್ಣು ನೇರಳೆ ಬಣ್ಣಕ್ಕೆ ಉಬ್ಬಿದ ಮೇಲೆ ಕತ್ತಿಯಲ್ಲಿ ಬಿಡಿಸುವುದೇ ಸರಿ. ಬೀಜದಿಂದಲೂ ಸುಮಾರು 30 ಸಸಿ ಎಬ್ಬಿಸಿದೆ, ಹೆಚ್ಚಿನವು ಒಂಟಿ ಎಸಳು. ನೇರಳೆಗೆ ಬಿಳಿ ತುದಿಯ ಒಂದು ಮಾತ್ರ ಅಪರೂಪದ್ದು ಬಂತು. ಅದು ಊರಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲ.

ಮಳೆಗಾಲದಲ್ಲಿ ಬಸವನಹುಳು ಚಿಗುರು ಬೋಳಿಸುತ್ತದೆ, ಅದಕ್ಕೆ ರಾತ್ರಿ ಟಾರ್ಚ್ ಹಿಡಿದು ಹುಳು ಹೆಕ್ಕುವುದೇ ನನ್ನ ದಾರಿ. ಆಧಾರಕ್ಕೆ ಅಡಿಕೆ ದಬ್ಬೆ, ಅದಕ್ಕೆ ಖರ್ಚಿಲ್ಲ.

ಊರಲ್ಲಿ ಗೆಡ್ಡೆಗೆ ಗೆಡ್ಡೆ ಬದಲಿ ಕೊಡುವುದೇ ರೂಢಿ, ನಾನೂ ದುಡ್ಡು ಮುಟ್ಟುವುದಿಲ್ಲ. ಪೇಟೆಯಿಂದ ಕೇಳಿದವರಿಗೆ ಮಾತ್ರ 80 ರೂಪಾಯಿಯಂತೆ ಅರವತ್ತರ ಹತ್ತಿರ ಕೊಟ್ಟೆ. ಅಂಚೆಯಲ್ಲಿ ಕಳೆದದ್ದು ಎರಡರಷ್ಟಾಗಿ ಬಂತು.

ಕುಂಕುಮ ಬಣ್ಣದ್ದು ಚಿಕ್ಕಮ್ಮನ ಹಿತ್ತಲಲ್ಲಿ ಒಂದೇ ಬುಡ ಉಳಿದಿತ್ತು. ಬೇಡಿ ತಂದು ಅದನ್ನೂ ಇದೇ ಹೆಡಿಗೆಯಲ್ಲಿಟ್ಟಿದ್ದೆ. ಈಗ ಅಂಗಳದ ಮೂಡುಬದಿಯಲ್ಲಿ ಅದರವೇ ಆರು ಗಿಡ, ಒಂದರಲ್ಲಿ ಮೊಗ್ಗು ಬಣ್ಣ ತೋರಿಸಿದೆ. ಚೌತಿಗೆ ಅರಳುತ್ತದೆ.